ಹವಾಮಾನ ಯಂತ್ರದ ಡೇಟಾ ಎಲ್ಲಿ ಉಳಿಸಬೇಕು? ಕಾರ್ಡ್, ಕಂಪನಿ ಕ್ಲೌಡ್, ಗೂಗಲ್ ಶೀಟ್, ಮನೆ ಕಂಪ್ಯೂಟರ್

ತೋಟದಲ್ಲೋ ತಾರಸಿಯ ಮೇಲೋ ವೈಫೈ ಹವಾಮಾನ ಯಂತ್ರ ಹಾಕಿಸಬೇಕು ಅಂದವರೆಲ್ಲ ಮೊದಲು ಕೇಳುವುದು ಸೆನ್ಸರ್ ಬಗ್ಗೆ. ಯಾವ ಮಳೆಮಾಪಕ ಚೆನ್ನಾಗಿದೆ, ಯಾವುದರ ಉಷ್ಣಾಂಶ ನಂಬಬಹುದು, ಹೀಗೆ. ಅಳೆದದ್ದನ್ನು ಎಲ್ಲಿ ಇಡಬೇಕು, ಮೂರು ವರ್ಷ ಬಿಟ್ಟು ಬೇಕಾದಾಗ ಹೇಗೆ ತೆಗೆಯಬೇಕು ಎಂಬ ಪ್ರಶ್ನೆ ಬರುವುದು ತಡವಾಗಿ. ಅಷ್ಟರಲ್ಲಿ ಒಂದು ಮಳೆಗಾಲದ ಲೆಕ್ಕ ಅರ್ಧಂಬರ್ಧ ಆಗಿರುತ್ತದೆ.

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವ ರೂಢಿ ಹಳೆಯದು. ಬೆಳಿಗ್ಗೆ ಗೇಜ್ ನೋಡಿ 'ಒಂದಿಂಚು ಮೂವತ್ತು ಸೆಂಟು' ಎಂದು ಬರೆದರೆ ಮುಗಿಯಿತು. ಅಂಥ ಪುಸ್ತಕಗಳು ಅಜ್ಜನ ಕಾಲದಿಂದ ಬಂದು ಇವತ್ತಿಗೂ ಓದಲು ಸಿಗುತ್ತವೆ. ಹೊಸ ಯಂತ್ರ ಐದು ನಿಮಿಷಕ್ಕೊಮ್ಮೆ ಬರೆಯುತ್ತದೆ, ನಿಜ. ಆದರೆ ಆ ಬರಹ ಪುಸ್ತಕದಷ್ಟು ಕಾಲ ಬಾಳಬೇಕಾದರೆ ಮೊದಲೇ ಸ್ವಲ್ಪ ಯೋಚಿಸಬೇಕು.

ಇರುವ ದಾರಿಗಳು ಮುಖ್ಯವಾಗಿ ಐದು. ಯಂತ್ರದಲ್ಲೇ ಮೆಮೊರಿ ಕಾರ್ಡ್, ಯಂತ್ರ ಮಾಡಿದ ಕಂಪನಿಯ ಕ್ಲೌಡ್, ಥಿಂಗ್‌ಸ್ಪೀಕ್‌ನಂಥ ಉಚಿತ ಕ್ಲೌಡ್, ಗೂಗಲ್ ಶೀಟ್, ಮತ್ತು ಮನೆಯಲ್ಲೇ ಒಂದು ಚಿಕ್ಕ ಕಂಪ್ಯೂಟರ್. ಯಾವುದು ನಿಮಗೆ ಸರಿ ಎಂದು ನೋಡುವ ಮುಂಚೆ, ಯಾವ ಅಳತೆಗೋಲು ಹಿಡಿದು ನೋಡಬೇಕು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ.

ಏನೇನು ನೋಡಬೇಕು

ಎಲ್ಲಕ್ಕಿಂತ ಮೊದಲು ನಾನು ಕೇಳುವ ಪ್ರಶ್ನೆ: ಕರೆಂಟ್ ಹೋದಾಗ, ನೆಟ್ ಹೋದಾಗ ಏನಾಗುತ್ತದೆ? ಮಲೆನಾಡಿನಲ್ಲಿ ಜುಲೈ ಗಾಳಿಗೆ ಮರ ಬಿದ್ದು ಲೈನ್ ಕಡಿಯುತ್ತದೆ. ಕರೆಂಟ್ ಬೇಗ ಬರದಿದ್ದರೆ ಮೊಬೈಲ್ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಹೆದರಿ ನಾವೇ ರೌಟರ್ ಪ್ಲಗ್ ಕಿತ್ತಿಡುತ್ತೇವೆ. ಅಂದರೆ ಜಾಸ್ತಿ ಮಳೆ ಬೀಳುವ ಗಂಟೆಗಳೇ ನೆಟ್ ಇಲ್ಲದ ಗಂಟೆಗಳು. ಫೆಬ್ರವರಿಯ ಒಣ ದಿನಗಳ ಡೇಟಾ ಒಂದೂ ಬಿಡದೆ ಇದ್ದು, 200 ಮಿಲಿಮೀಟರ್ ಸುರಿದ ದಿನದ್ದು ಮಾತ್ರ ಖಾಲಿ ಇದ್ದರೆ ಆ ಲಾಗ್‌ನಿಂದ ಏನು ಪ್ರಯೋಜನ? ಉಳಿದ ಯಾವ ಗುಣ ಇದ್ದರೂ ಈ ಒಂದು ಪರೀಕ್ಷೆಯಲ್ಲಿ ಸೋತ ವ್ಯವಸ್ಥೆಯನ್ನು ಒಂಟಿಯಾಗಿ ನಂಬಬೇಡಿ ಎಂದೇ ಹೇಳುತ್ತೇನೆ.

ಎರಡನೆಯದು, ಡೇಟಾ ವಾಪಸ್ ತೆಗೆಯುವುದು. ಆ್ಯಪ್‌ನಲ್ಲಿ ಚೆಂದದ ಗ್ರಾಫ್ ಕಾಣುವುದೇ ಬೇರೆ, ಸಾಲು ಸಾಲಾಗಿ ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ಕೈಗೆ ಸಿಗುವುದೇ ಬೇರೆ. ಒಂದು ಉದಾಹರಣೆ ನೋಡಿ. ನಮ್ಮಲ್ಲಿ ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಮಾತಾಡುತ್ತೇವೆ. ಆರಿದ್ರಾ ಮಳೆ ಜೂನ್ ಮೂರನೇ ವಾರದ ಕೊನೆಗೆ ಶುರುವಾಗುತ್ತದೆ, ಪುನರ್ವಸು ಜುಲೈ ಮೊದಲ ವಾರ, ಪುಷ್ಯ ಜುಲೈ 20ರ ಹೊತ್ತಿಗೆ. 'ಈ ಸಲದ ಪುನರ್ವಸು ಹೋದ ವರ್ಷಕ್ಕಿಂತ ಜಾಸ್ತಿಯೋ ಕಡಿಮೆಯೋ?' ಎಂದು ಮನೆಯ ಹಿರಿಯರು ಕೇಳಿದರೆ ತಿಂಗಳ ಲೆಕ್ಕ ತೋರಿಸುವ ಆ್ಯಪ್ ಉತ್ತರ ಕೊಡುವುದಿಲ್ಲ. ಸಿಎಸ್‌ವಿ ಇದ್ದರೆ ಎರಡು ತಾರೀಕಿನ ನಡುವಿನದನ್ನು ಕೂಡಿದರೆ ಆಯಿತು.

ಮೂರನೆಯದು, ಎಷ್ಟು ವರ್ಷ, ಎಷ್ಟು ಸೂಕ್ಷ್ಮವಾಗಿ ಉಳಿಯುತ್ತದೆ. ನಾಲ್ಕನೆಯದು, ದುಡ್ಡು. ಐದನೆಯದನ್ನು ಬಹಳ ಜನ ಮರೆಯುತ್ತಾರೆ: ಇದನ್ನು ನೋಡಿಕೊಳ್ಳುವವರು ಯಾರು? ಬೆಂಗಳೂರಲ್ಲಿ ಕೆಲಸ ಮಾಡುವ ಮಗಳು ಊರಿಗೆ ಬಂದಾಗ ಎಲ್ಲ ಜೋಡಿಸಿ ಹೋದಳು, ಸರಿ. ಅವಳು ಇಲ್ಲದಾಗ ಕೆಟ್ಟರೆ ಅಪ್ಪ ಏನು ಮಾಡಬೇಕು?

ಜಾಗದ ಚಿಂತೆ ಮಾತ್ರ ಬೇಡ. ಐದು ನಿಮಿಷಕ್ಕೊಂದು ಸಾಲು ಅಂದರೆ ದಿನಕ್ಕೆ 288, ವರ್ಷಕ್ಕೆ 1,05,120. ಒಂದು ಸಾಲಿಗೆ 60 ಬೈಟ್ ಹಿಡಿದರೂ ವರ್ಷದ್ದೆಲ್ಲ ಸೇರಿ ಆರೂವರೆ ಎಂಬಿ ಒಳಗೆ ಮುಗಿಯುತ್ತದೆ. ವಾಟ್ಸಾಪ್‌ನಲ್ಲಿ ಬರುವ ಒಂದು ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ.

ಯಂತ್ರದಲ್ಲೇ ಮೆಮೊರಿ ಕಾರ್ಡ್

ಇಎಸ್‌ಪಿ32 ಎಂಬ, ವೈಫೈ ಇರುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್ ತಂದು ಸ್ವಂತ ಕಟ್ಟಿಕೊಂಡವರಿಗೆ ಇದು ತೀರಾ ಅಗ್ಗ. ಕಾರ್ಡ್, ಅದನ್ನು ಕೂರಿಸುವ ಮಾಡ್ಯೂಲ್ ಎಲ್ಲ ಸೇರಿ ಕೆಲವು ನೂರು ರೂಪಾಯಿ. ನೆಟ್ ಇರಲಿ ಬಿಡಲಿ ಬರೆಯುತ್ತಲೇ ಇರುತ್ತದೆ. ಬೋರ್ಡ್‌ಗೆ ಒಂದು ಚಿಕ್ಕ ಬ್ಯಾಟರಿ, ಸೋಲಾರ್ ಪ್ಯಾನೆಲ್ ಕೊಟ್ಟರೆ ಕರೆಂಟಿನ ಹಂಗೂ ಇಲ್ಲ. ಮೊದಲ ಪ್ರಶ್ನೆಗೆ ಇದರಷ್ಟು ಒಳ್ಳೆಯ ಉತ್ತರ ಬೇರೆ ಯಾವುದಕ್ಕೂ ಇಲ್ಲ.

ತೊಂದರೆ ಇರುವುದು ಬರೆಯುವ ರೀತಿಯಲ್ಲಿ. ಫೈಲ್ ತೆರೆದಿಟ್ಟೇ ಬರೆಯುತ್ತಿದ್ದರೆ, ನಡುವೆ ಪವರ್ ಹೋದಾಗ ಆ ಫೈಲೇ ಕೆಡಬಹುದು. ಪ್ರತಿ ಸಾಲು ಬರೆದ ಕೂಡಲೇ ಫೈಲ್ ಮುಚ್ಚುವಂತೆ ಕೋಡ್ ಇರಲಿ. ಇಡೀ ವರ್ಷಕ್ಕೆ ಒಂದೇ ಫೈಲ್ ಬೇಡ, ತಿಂಗಳಿಗೊಂದು ಇರಲಿ. ಕೆಟ್ಟರೂ ಒಂದು ತಿಂಗಳದ್ದು ಮಾತ್ರ ಕೆಡುತ್ತದೆ. ಮಳೆಗಾಲದ ತೇವಕ್ಕೆ ಕಾರ್ಡಿನ ಸಂಪರ್ಕ ಕಚ್ಚದೆ ಹೋಗುವುದೂ ಉಂಟು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಸಿಸಿ ಕ್ಯಾಮೆರಾಗೆ ಅಂತ ಮಾರುವ, ಜಾಸ್ತಿ ಬಾಳಿಕೆಯ ಕಾರ್ಡನ್ನೇ ತನ್ನಿ.

ಕಾರ್ಡ್ ಇಟ್ಟರೆ ಡೇಟಾಗಾಗಿ ಪ್ರತಿ ಸಲ ಏಣಿ ಹತ್ತಬೇಕು ಎಂದು ಕೆಲವರು ಹಿಂಜರಿಯುತ್ತಾರೆ. ಹಾಗೇನಿಲ್ಲ. ಇಎಸ್‌ಪಿ32 ಸ್ವತಃ ಒಂದು ಚಿಕ್ಕ ವೆಬ್ ಸರ್ವರ್ ನಡೆಸಬಲ್ಲದು. ಮನೆಯ ವೈಫೈನಲ್ಲಿ ಕೂತು ಫೋನಿನ ಬ್ರೌಸರ್‌ನಿಂದಲೇ ಜುಲೈ ತಿಂಗಳ ಫೈಲ್ ಇಳಿಸಿಕೊಳ್ಳಬಹುದು. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ರೌಟರ್ ಆನ್ ಇದ್ದರೆ ಸಾಕು.

ಕಾರ್ಡ್ ನಂಬುವವರು ಗಡಿಯಾರದ ಬಗ್ಗೆ ತಪ್ಪದೆ ಯೋಚಿಸಬೇಕು. ಇಎಸ್‌ಪಿ32 ತನ್ನ ಸಮಯವನ್ನು ಇಂಟರ್‌ನೆಟ್‌ನಿಂದ ತಿಳಿದುಕೊಳ್ಳುತ್ತದೆ. ನೆಟ್ ಇಲ್ಲದಾಗ ರೀಸ್ಟಾರ್ಟ್ ಆದರೆ ಅದಕ್ಕೆ ಸಮಯವೇ ಗೊತ್ತಿರುವುದಿಲ್ಲ. ಆಗ 1970ರ ಜನವರಿ 1ರಿಂದ ಎಣಿಕೆ ಶುರು ಮಾಡುತ್ತದೆ. ಫೈಲ್ ತೆರೆದರೆ ಬಿರುಮಳೆಯ ಇಡೀ ರಾತ್ರಿ '1970-01-01 05:30' ಎಂದು ಶುರುವಾಗಿ ಕೂತಿರುತ್ತದೆ. ಅದು ನಮ್ಮ ಐದೂವರೆ ಗಂಟೆಯ ವ್ಯತ್ಯಾಸ ಸೇರಿದ ಸೊನ್ನೆ ಸಮಯ. ಇದಕ್ಕೆ ಮದ್ದು ಡಿಎಸ್3231 ಎಂಬ ಗಡಿಯಾರದ ಚಿಪ್ ಇರುವ ಮಾಡ್ಯೂಲ್. ನಾಣ್ಯದಂಥ ಸೆಲ್ ಹಾಕಿದರೆ ಕರೆಂಟ್ ಇಲ್ಲದೆಯೂ ಸಮಯ ಹಿಡಿದಿರುತ್ತದೆ, ವರ್ಷಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ತಪ್ಪುವುದಿಲ್ಲ. ಇದನ್ನು ಮಾತ್ರ ಬಿಡಬೇಡಿ.

ಮಳೆಯ ಲೆಕ್ಕ ಬರೆಯುವ ರೀತಿ

ಯಾವ ದಾರಿ ಆರಿಸಿದರೂ ಈ ಒಂದು ವಿಷಯ ಕೆಲಸಕ್ಕೆ ಬರುತ್ತದೆ. ಮಳೆಮಾಪಕದೊಳಗೆ ತಕ್ಕಡಿಯಂತೆ ಆಚೀಚೆ ಬೀಳುವ ಚಿಕ್ಕ ಬಕೆಟ್ ಇರುತ್ತದೆ. ಮಾಪಕಕ್ಕೆ ತಕ್ಕಂತೆ ಒಂದು ಸಲ ಬಿದ್ದರೆ 0.2 ಮಿಲಿಮೀಟರ್, 0.25 ಹೀಗೆ ಲೆಕ್ಕ. ಪ್ರತಿ ಸಾಲಿನಲ್ಲಿ 'ಈ ಐದು ನಿಮಿಷದಲ್ಲಿ ಎಷ್ಟು ಸಲ ಬಿತ್ತು' ಎಂದು ಬರೆಯಬಹುದು, ಇಲ್ಲವೇ 'ಶುರುವಿನಿಂದ ಇಲ್ಲಿಯವರೆಗೆ ಒಟ್ಟು ಎಷ್ಟು' ಎಂದು ಬರೆಯಬಹುದು. ಒಟ್ಟು ಬರೆಯುವುದೇ ಒಳ್ಳೆಯದು. ಮಧ್ಯೆ ನೂರು ಸಾಲು ಕಳೆದುಹೋದರೂ, ಕಳೆಯುವ ಮುಂಚಿನ ಸಂಖ್ಯೆಯನ್ನು ನಂತರದ ಸಂಖ್ಯೆಯಿಂದ ಕಳೆದರೆ ಅಷ್ಟು ಹೊತ್ತಿನ ಮಳೆ ಸಿಕ್ಕೇಬಿಡುತ್ತದೆ. ಯಾವ ಗಂಟೆಗೆ ಎಷ್ಟು ಎಂದು ತಿಳಿಯದಿರಬಹುದು, ಮೊತ್ತವಂತೂ ತಪ್ಪುವುದಿಲ್ಲ. ಉಷ್ಣಾಂಶಕ್ಕೆ ಈ ಅನುಕೂಲ ಇಲ್ಲ, ಹೋದದ್ದು ಹೋದದ್ದೇ. ಬೋರ್ಡ್ ರೀಸ್ಟಾರ್ಟ್ ಆದರೂ ಆ ಒಟ್ಟು ಸೊನ್ನೆಗೆ ಹೋಗದಂತೆ ಆಗಾಗ ಪವರ್ ಹೋದರೂ ಅಳಿಯದ ಮೆಮೊರಿಯಲ್ಲಿ ಬರೆದಿಡಬೇಕು, ಅಷ್ಟೇ.

ಕಂಪನಿಯ ಕ್ಲೌಡ್

ಸಿದ್ಧ ಯಂತ್ರ ಕೊಂಡವರಿಗೆ ಇದು ಸುಮ್ನೆ ಬರುತ್ತದೆ. ಆ್ಯಪ್ ಹಾಕಿ, ವೈಫೈ ಪಾಸ್‌ವರ್ಡ್ ಕೊಟ್ಟರೆ ಕೆಲಸ ಶುರು. ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ. ಮನೆಯೊಳಗೆ ಇಡುವ ಪೆಟ್ಟಿಗೆಗೆ ಸ್ವಂತ ಮೆಮೊರಿ ಇದೆಯೇ? ಹಳೆಯ ಡೇಟಾ ಅದೇ ಸೂಕ್ಷ್ಮತೆಯಲ್ಲಿ ಸಿಗುತ್ತದೆಯೇ?

ಇಕೋವಿಟ್ ಕಂಪನಿಯದೇ ತೆಗೆದುಕೊಳ್ಳಿ. ಅವರ ಮನೆಯೊಳಗಿನ ಪೆಟ್ಟಿಗೆಗೆ ಗೇಟ್‌ವೇ ಎನ್ನುತ್ತಾರೆ. ಜಿಡಬ್ಲ್ಯು1100, ಜಿಡಬ್ಲ್ಯು2000 ಗೇಟ್‌ವೇಗಳು ಬಂದ ಡೇಟಾವನ್ನು ಕ್ಲೌಡ್‌ಗೆ ತಳ್ಳುತ್ತವೆ, ತಾವು ಹಳೆಯದನ್ನು ಕೂಡಿಡುವುದಿಲ್ಲ. ನೆಟ್ ಇಲ್ಲದ ಹೊತ್ತಿನ ಗಾಳಿ, ಉಷ್ಣಾಂಶ ಮತ್ತೆ ಸಿಗುವುದಿಲ್ಲ. ಜಿಡಬ್ಲ್ಯು3000ರಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಇದೆ. ಮಲೆನಾಡಿನವರು ಈ ವ್ಯತ್ಯಾಸಕ್ಕಾಗಿ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ಅದು ದಂಡವಲ್ಲ. ಅವರ ಕ್ಲೌಡ್‌ನಲ್ಲಿ ಹೊಸ ಡೇಟಾ ಐದು ನಿಮಿಷದ್ದು ಸಿಗುತ್ತದೆ, ಹಳೆಯದಾದಂತೆ ಅರ್ಧ ಗಂಟೆಯದು, ನಾಲ್ಕು ಗಂಟೆಯದು ಎಂದು ತೆಳುವಾಗುತ್ತ ಹೋಗುತ್ತದೆ. ಒಟ್ಟು ಮಳೆ ತಿಳಿದರೆ ಸಾಕು ಎನ್ನುವವರಿಗೆ ಇದರಿಂದ ನಷ್ಟವಿಲ್ಲ. ಒಂದು ಗಂಟೆಯಲ್ಲಿ ಎಷ್ಟು ರಭಸದಿಂದ ಸುರಿದು ಮಣ್ಣು ಕೊಚ್ಚಿತು, ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಹೊಡೆದ ಮೇಲೆ ಎಷ್ಟು ಹೊತ್ತು ಮಳೆ ಬಿಟ್ಟಿತ್ತು ಎಂದು ಹಿಂದಿನ ವರ್ಷಕ್ಕೆ ಹೋಲಿಸಬೇಕಾದರೆ ನಷ್ಟ ದೊಡ್ಡದು. ಆದ್ದರಿಂದ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ.

ಡೇವಿಸ್ ಯಂತ್ರಗಳು ದುಬಾರಿ, ಆದರೆ ನೆನಪಿನ ವಿಷಯದಲ್ಲಿ ಮೊದಲಿನಿಂದಲೂ ಗಟ್ಟಿ. ವಾಂಟೇಜ್ ಪ್ರೊ2 ಯಂತ್ರದ ಕನ್ಸೋಲಿಗೆ (ಅಂಕಿ ತೋರಿಸುವ ಪೆಟ್ಟಿಗೆ) ಹಾಕುವ ಲಾಗರ್‌ನಲ್ಲಿ 2560 ಸಾಲು ಹಿಡಿಯುತ್ತದೆ. 30 ನಿಮಿಷಕ್ಕೊಂದರಂತೆ ಬರೆದರೆ 53 ದಿನ, 5 ನಿಮಿಷಕ್ಕೊಂದರಂತೆ ಸುಮಾರು 9 ದಿನ, ಪ್ರತಿ ನಿಮಿಷ ಬರೆದರೆ 42 ಗಂಟೆ. ಅದು ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ವಾರಗಟ್ಟಲೆ ಸಂಪರ್ಕ ಹೋಗುವ ಜಾಗದಲ್ಲಿ ಪ್ರತಿ ನಿಮಿಷದ ಆಸೆ ಬಿಡಿ, 15 ನಿಮಿಷಕ್ಕೆ ಇಟ್ಟರೆ 26 ದಿನ ಸಿಗುತ್ತದೆ. ಅವರ ವೆದರ್‌ಲಿಂಕ್ ಕ್ಲೌಡ್‌ನಲ್ಲಿ ಹಳೆಯ ಡೇಟಾ ಪೂರ್ತಿ ಬೇಕಾದರೆ ವರ್ಷದ ಚಂದಾ ಕಟ್ಟಬೇಕು. ಯಂತ್ರದ ಬೆಲೆ ನೋಡುವಾಗ ಅದನ್ನೂ ಸೇರಿಸಿ ನೋಡಿ.

ಥಿಂಗ್‌ಸ್ಪೀಕ್

ಸ್ವಂತ ಕಟ್ಟಿದವರಲ್ಲಿ, ಎಂಜಿನಿಯರಿಂಗ್ ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ತುಂಬಾ ಕಾಣುವ ಹೆಸರು ಇದು. ನಡೆಸುವವರು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶ ಮಾಡಿದ ಮ್ಯಾಥ್‌ವರ್ಕ್ಸ್ ಕಂಪನಿ. ಉಚಿತ ಖಾತೆಯಲ್ಲಿ ವರ್ಷಕ್ಕೆ 30 ಲಕ್ಷ ಸಂದೇಶ, 15 ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಿಲ್ಲ, ಒಂದು ಚಾನೆಲ್‌ಗೆ (ಡೇಟಾ ಇಡುವ ಖಾನೆ) 8 ಅಂಕಣ. ಹವಾಮಾನಕ್ಕೆ ಇದು ಧಾರಾಳ ಸಾಕು. ಉಷ್ಣಾಂಶ, ತೇವಾಂಶ, ಒತ್ತಡ, ಮಳೆ, ಗಾಳಿಯ ವೇಗ, ದಿಕ್ಕು, ಬ್ಯಾಟರಿ ವೋಲ್ಟೇಜ್ ಹಾಕಿದ ಮೇಲೂ ಒಂದು ಅಂಕಣ ಉಳಿಯುತ್ತದೆ.

ವಾಪಸ್ ತೆಗೆಯುವಾಗ ಒಂದು ಮಿತಿ ಎದುರಾಗುತ್ತದೆ. ಕೋಡ್ ಬರೆದು ಕೇಳಿದರೆ ಒಂದು ಸಲಕ್ಕೆ 8000 ಸಾಲು ಮಾತ್ರ ಕೊಡುತ್ತದೆ. ಐದು ನಿಮಿಷದ ಡೇಟಾ ಆದರೆ ಅದು 28 ದಿನಕ್ಕೂ ಸ್ವಲ್ಪ ಕಡಿಮೆ. ಒಂದು ವರ್ಷದ್ದು ಬೇಕಾದರೆ ಶುರು, ಕೊನೆ ತಾರೀಕು ಕೊಟ್ಟು 14 ಸಲ ಕೇಳಬೇಕು. ಕಷ್ಟದ ಕೆಲಸವೇನಲ್ಲ. ಆದರೆ 'ಎಲ್ಲ ಬಂತು' ಎಂದುಕೊಂಡು ಕೊನೆಯ 8000ವನ್ನೇ ಇಡೀ ವರ್ಷ ಎಂದು ತಿಳಿಯುವ ಅಪಾಯ ಇದೆ. ಚಾನೆಲ್ ಪುಟದಿಂದ ಒಟ್ಟಿಗೇ ಸಿಎಸ್‌ವಿ ಇಳಿಸಿಕೊಳ್ಳುವ ದಾರಿಯೂ ಇದೆ.

ಸಮಯದ ವಿಷಯ ಇಲ್ಲಿ ಇನ್ನೂ ಸೂಕ್ಷ್ಮ. ಥಿಂಗ್‌ಸ್ಪೀಕ್ ಉಳಿಸುವುದು ಗ್ರೀನಿಚ್ ಲೆಕ್ಕದ ಯುಟಿಸಿ ಸಮಯದಲ್ಲಿ. ಹಾಗೇ ಇಳಿಸಿಕೊಂಡು ದಿನದ ಮಳೆ ಕೂಡಿದರೆ ನಿಮ್ಮ 'ದಿನ' ಬೆಳಗಿನ ಐದೂವರೆಗೆ ಬದಲಾಗುತ್ತದೆ. ನಮ್ಮ ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ರಾತ್ರಿಯಿಡೀ ಸುರಿದು ಬೆಳಿಗ್ಗೆ ಎಂಟಕ್ಕೆ ನಿಂತ ಮಳೆ ಒಂದು ಲೆಕ್ಕದಲ್ಲಿ ಒಂದೇ ದಿನದ್ದು, ಇನ್ನೊಂದರಲ್ಲಿ ಎರಡು ದಿನಕ್ಕೆ ಹಂಚಿಹೋಗುತ್ತದೆ. ಪೇಪರಿನಲ್ಲಿ ಬಂದ ಅಂಕಿಗೂ ನಿಮ್ಮದಕ್ಕೂ ತಾಳೆ ಆಗದಿದ್ದರೆ ಮಾಪಕವನ್ನು ಬೈಯುವ ಮುಂಚೆ ಇದನ್ನು ನೋಡಿ. ಕೇಳುವಾಗಲೇ ಭಾರತದ ಸಮಯ ಬೇಕು ಎಂದು ಹೇಳಲು ಅವಕಾಶ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ಅದಕ್ಕೆ ಹೋಲಿಸುವ ಉದ್ದೇಶ ಇದ್ದರೆ ನಿಮ್ಮದು 5 ಅಥವಾ 15 ನಿಮಿಷ ಇರಲಿ, 7 ಅಥವಾ 10 ಬೇಡ. ಬೆಳೆ ವಿಮೆಗೆ ಹಿಡಿಯುವುದು ಸರ್ಕಾರ ಸೂಚಿಸಿದ ಮಾಪಕದ ಲೆಕ್ಕವನ್ನೇ, ನಿಮ್ಮದನ್ನಲ್ಲ. ಆದರೂ ಅಕ್ಕಪಕ್ಕ ಇಟ್ಟು ಪ್ರಶ್ನೆ ಕೇಳಲು ನಿಮ್ಮ ಬಳಿ ಸರಿಯಾದ ಲಾಗ್ ಇರಬೇಕು ಅಲ್ವಾ?

ನೆಟ್ ಹೋದಾಗ ಥಿಂಗ್‌ಸ್ಪೀಕ್ ಒಂಟಿಯಾಗಿ ಏನೂ ಮಾಡಲಾರದು. ಆದರೆ ಕಾರ್ಡ್ ಜೊತೆ ಸೇರಿದರೆ ಚೆನ್ನಾಗಿ ಹೊಂದುತ್ತದೆ. ಕೂಡಿಟ್ಟ ಸಾಲುಗಳನ್ನು ಅವುಗಳದ್ದೇ ಸಮಯದೊಂದಿಗೆ ಒಟ್ಟಿಗೆ ಕಳಿಸಬಹುದು, ಉಚಿತ ಖಾತೆಯಲ್ಲಿ ಒಂದು ಸಲಕ್ಕೆ 960ರವರೆಗೆ. ಅಂದರೆ ಮೂರು ದಿನದ ಬಾಕಿ ಒಂದೇ ಏಟಿಗೆ ತುಂಬುತ್ತದೆ.

ಗೂಗಲ್ ಶೀಟ್

ಎಲ್ಲರಿಗೂ ಗೊತ್ತಿರುವ ಜಾಗ. ಶೀಟ್ ಜೊತೆಗೇ ಬರುವ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ಹತ್ತು ಸಾಲಿನ ಕೋಡ್ ಬರೆದರೆ ಯಂತ್ರ ನೇರವಾಗಿ ಶೀಟ್‌ಗೆ ಸಾಲು ಸೇರಿಸುತ್ತದೆ. ಮನೆಯವರೆಲ್ಲ ಫೋನಿನಲ್ಲೇ ನೋಡಬಹುದು, ಕೂಡಬಹುದು. ಶಾಲೆಯ ತಾರಸಿಯ ಮೇಲೆ ಯಂತ್ರ ಇಟ್ಟಿರುವ ಮೇಷ್ಟ್ರಿಗೆ ನಾನು ಹೇಳುವುದು ಇದನ್ನೇ. ಮಕ್ಕಳು ಅಂಕಿ ಮುಟ್ಟಿ ನೋಡಿ, ತಾವೇ ಸರಾಸರಿ ತೆಗೆಯುವ ಅವಕಾಶ ಬೇರೆ ಕಡೆ ಇಷ್ಟು ಸುಲಭವಾಗಿ ಸಿಗದು.

ಮಿತಿ ಒಂದು ಕೋಟಿ ಕೋಶ. ಹತ್ತು ಅಂಕಣ, ಐದು ನಿಮಿಷಕ್ಕೊಂದು ಸಾಲು ಎಂದರೆ ವರ್ಷಕ್ಕೆ ಹತ್ತೂವರೆ ಲಕ್ಷ ಕೋಶ, ಒಂಬತ್ತು ವರ್ಷ ನಡೆಯುತ್ತದೆ. ಪ್ರತಿ ನಿಮಿಷ ಬರೆದರೆ ಎರಡು ವರ್ಷವೂ ಇಲ್ಲ. ಅದಕ್ಕಿಂತ ಮೊದಲೇ ಫೋನಿನಲ್ಲಿ ತೆರೆಯಲು ಒದ್ದಾಡಬೇಕಾಗುತ್ತದೆ. ವರ್ಷಕ್ಕೊಂದು ಹೊಸ ಶೀಟ್ ಮಾಡಿ. ಸ್ಕ್ರಿಪ್ಟಿನ ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಸಾಲು ತುಂಬಬಹುದಾದ್ದರಿಂದ ಒಂದು ಗುಟ್ಟಿನ ಪದ ಸೇರಿಸಿ ಕಳಿಸುವಂತೆ ಮಾಡಿ. ಸಮಯವನ್ನು ಶೀಟ್ ಬರೆಯಬಾರದು, ಯಂತ್ರವೇ ಬರೆದು ಕಳಿಸಬೇಕು. ಇಲ್ಲದಿದ್ದರೆ ನೆಟ್ ಬಂದ ಮೇಲೆ ತಡವಾಗಿ ಹೋದ ಸಾಲುಗಳಿಗೆಲ್ಲ ಒಂದೇ ಸಮಯ ಬೀಳುತ್ತದೆ.

ಮನೆಯಲ್ಲೇ ಚಿಕ್ಕ ಕಂಪ್ಯೂಟರ್

ಡೇಟಾ ಪೂರ್ತಿ ನಮ್ಮ ಕೈಯಲ್ಲೇ ಇರಬೇಕು, ಹತ್ತಿಪ್ಪತ್ತು ವರ್ಷ ಬಾಳಬೇಕು ಎನ್ನುವವರಿಗೆ ಇದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ವೀ-ಡಬ್ಲ್ಯುಎಕ್ಸ್ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಿದರೆ ಅದು ಡೇವಿಸ್, ಇಕೋವಿಟ್ ಹೀಗೆ ಬಹಳಷ್ಟು ಯಂತ್ರಗಳ ಡೇಟಾ ತೆಗೆದುಕೊಂಡು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಫೈಲ್‌ನಲ್ಲಿ ಇಡುತ್ತದೆ. ಇಡೀ ದಾಖಲೆ ಒಂದೇ ಫೈಲ್. ಪೆನ್‌ಡ್ರೈವ್‌ಗೆ ಹಾಕಿದರೆ ಬ್ಯಾಕಪ್ ಆಯಿತು. ಮುಂದೆ ಯಂತ್ರದ ಕಂಪನಿ ಬದಲಾಯಿಸಿದರೂ ದಾಖಲೆ ಅದರಲ್ಲೇ ಮುಂದುವರಿಯುತ್ತದೆ. ಡೇವಿಸ್ ಲಾಗರ್ ಜೊತೆಗಂತೂ ಇದರ ಜೋಡಿ ಬಹಳ ಚೆನ್ನ. ಪೈ ಒಂದು ದಿನ ಆಫ್ ಆಗಿದ್ದರೂ, ಆನ್ ಆದ ಕೂಡಲೇ ಲಾಗರ್‌ನಿಂದ ಬಿಟ್ಟುಹೋದ ಸಾಲು ತಾನೇ ಎಳೆದುಕೊಳ್ಳುತ್ತದೆ. ನೆನಪಿಲ್ಲದ ಗೇಟ್‌ವೇ ಇದ್ದರೆ ಆ ಭಾಗ್ಯ ಇಲ್ಲ, ಪೈ ಕೂಡ ಎಚ್ಚರವಾಗಿಯೇ ಇರಬೇಕು.

ಆದ್ದರಿಂದ ಇನ್ವರ್ಟರ್ ಲೈನಿಗೆ ಪೈ, ರೌಟರ್ ಎರಡನ್ನೂ ಕೊಡಿ. ಪೈನ ಮೆಮೊರಿ ಕಾರ್ಡ್ ಪವರ್ ಹೋಗಿ ಬಂದಾಗ ಕೆಡುವುದು ಸಾಮಾನ್ಯ, ಚಿಕ್ಕ ಎಸ್‌ಎಸ್‌ಡಿ ಹಾಕಿದರೆ ನೆಮ್ಮದಿ. ಖರ್ಚು ಕೆಲವು ಸಾವಿರ ಆಗುತ್ತದೆ. ಮನೆಯಲ್ಲಿ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಪೈ ಕೊಳ್ಳುವುದೇ ಬೇಡ. ಅದರ ಬ್ಯಾಟರಿ ಇನ್ನೂ ಜೀವ ಹಿಡಿದಿದ್ದರೆ ಅದೇ ಯುಪಿಎಸ್. ಇದೆಲ್ಲ ನಡೆಯುವುದು ಲಿನಕ್ಸ್ ಮೇಲೆ, ಅದನ್ನು ಬಲ್ಲವರು ಒಬ್ಬರು ಫೋನಿಗಾದರೂ ಸಿಗಬೇಕು. ಅದು ಇಲ್ಲದವರಿಗೆ ನಾನು ಈ ದಾರಿ ಹೇಳುವುದಿಲ್ಲ.

ಎಂಕ್ಯೂಟಿಟಿ ಬಗ್ಗೆ ಒಂದು ಮಾತು, ಏಕೆಂದರೆ ಅದನ್ನು ಉಳಿಸುವ ಜಾಗ ಎಂದು ತಿಳಿದವರಿದ್ದಾರೆ. ಅದು ಸಂದೇಶ ಸಾಗಿಸುವ ವ್ಯವಸ್ಥೆ. ನಡುವೆ ನಿಂತು ಸಂದೇಶ ಹಂಚುವ ಬ್ರೋಕರ್ ಎಂಬ ಸರ್ವರ್ ಒಂದು ವಿಷಯಕ್ಕೆ ಹಿಡಿದಿಡುವ (ರಿಟೇನ್ಡ್) ಸಂದೇಶ ಕೊನೆಯದೊಂದೇ. ಸಂದೇಶ ತಲುಪುವ ಕಡೆ ಡೇಟಾಬೇಸ್ ಇದ್ದರೆ ಮಾತ್ರ ಲಾಗ್.

ಹಾಗಾದರೆ ಯಾರಿಗೆ ಯಾವುದು

ಪೇಟೆಯಲ್ಲಿ, ಫೈಬರ್ ನೆಟ್ ಇರುವ ಮನೆಯ ತಾರಸಿಯಲ್ಲಿ ಹವ್ಯಾಸಕ್ಕೆ ಇಟ್ಟವರು ಥಿಂಗ್‌ಸ್ಪೀಕ್ ಅಥವಾ ಶೀಟ್ ಹಿಡಿಯಿರಿ, ಖರ್ಚೇ ಇಲ್ಲ. ಮಲೆನಾಡಿನ ತೋಟದವರು, ಸ್ವಂತ ಕಟ್ಟುವ ಹುರುಪು ಇದ್ದರೆ ಕಾರ್ಡ್ ಮತ್ತು ಡಿಎಸ್3231 ಮೊದಲು, ಅದರ ಮೇಲೆ ಯಾವುದಾದರೂ ಒಂದು ಕ್ಲೌಡ್. ಕಟ್ಟುವ ಸಮಯ ಇಲ್ಲದಿದ್ದರೆ ಮೆಮೊರಿ ಇರುವ ಸಿದ್ಧ ಯಂತ್ರ, ತಿಂಗಳಿಗೊಮ್ಮೆ ಇಳಿಸಿಡುವ ಅಭ್ಯಾಸ. ಹತ್ತಾರು ರೈತರು ಸೇರಿ ಊರಿನ ಲೆಕ್ಕ ಇಡುವವರು, ಸಂಶೋಧನೆಗೆ ಬೇಕಾದವರು ಮನೆ ಕಂಪ್ಯೂಟರಿನ ದಾರಿಗೇ ಬನ್ನಿ. ಬಾಡಿಗೆ ಸರ್ವರ್ ತೆಗೆದುಕೊಳ್ಳುವುದೂ ಆದೀತು, ಆದರೆ ತಿಂಗಳ ಬಾಡಿಗೆ ಕಟ್ಟುವುದು ಒಂದು ಸಲ ಮರೆತರೆ ಇಡೀ ದಾಖಲೆಯೇ ಹೋಗಬಹುದು. ಅದರ ಪ್ರತಿ ಮನೆಯಲ್ಲೂ ಇರಲಿ.

ಯಾವುದನ್ನೇ ಜೋಡಿಸಿ, ಮೇ ತಿಂಗಳು ಮುಗಿಯುವುದರೊಳಗೆ ಒಂದು ಪರೀಕ್ಷೆ ಮಾಡಿ. ರೌಟರ್ ಪ್ಲಗ್ ಕೀಳಿ. ಮಳೆಮಾಪಕಕ್ಕೆ ಲೋಟದಿಂದ ತೊಟ್ಟು ತೊಟ್ಟಾಗಿ ನೀರು ಬಿಡುತ್ತ ಬಕೆಟ್ ಬೀಳುವ ಶಬ್ದ ಎಣಿಸಿ. 0.2 ಮಿಲಿಮೀಟರ್ ಮಾಪಕ ಆದರೆ 50 ಸಲ ಬಿದ್ದರೆ 10 ಮಿಲಿಮೀಟರ್. ಯಂತ್ರದ ಪವರನ್ನೂ ಒಮ್ಮೆ ತೆಗೆದು ಹಾಕಿ. ಎರಡು ಗಂಟೆ ಬಿಟ್ಟು ರೌಟರ್ ಹಾಕಿ, ಫೈಲ್ ಇಳಿಸಿಕೊಂಡು ತೆರೆಯಿರಿ. ಆ 10 ಮಿಲಿಮೀಟರ್ ಇದೆಯೇ, ನೀರು ಸುರಿದ ಹೊತ್ತಿನಲ್ಲೇ ಇದೆಯೇ ನೋಡಿ. ಪರೀಕ್ಷೆಯ ಸಾಲುಗಳಿಗೆ ಒಂದು ಗುರುತು ಹಾಕಿಡಿ, ಇಲ್ಲದಿದ್ದರೆ ಮುಂದೆ ಯಾರಾದರೂ ಅದನ್ನೂ ಮಳೆಗೆ ಸೇರಿಸಿ ಕೂಡಿಬಿಡುತ್ತಾರೆ.